ಊರನ್ನು ಓದುವ ಬಗೆ: ಕೋಲಾರದ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಓದುಗರಿಗೆ ಒಂದು ಕೆಲಸ ಕೊಟ್ಟಿದ್ದೆವು. ದಿನವೂ ನಡೆಯುವ ಬೀದಿಗಳಲ್ಲಿ ಒಂದನ್ನು ಆಯ್ದುಕೊಂಡು, ಅದನ್ನು ನೋಡಿ, ಅಳೆದು, ಒಂದು ಹಾಳೆಯ ಮೇಲೆ ಬರೆದು ಕಳುಹಿಸಿ ಎಂದು ಕೇಳಿದ್ದೆವು. ಬಂದ ನಕ್ಷೆಗಳಿಗಿಂತ ಬಂದ ಪ್ರಶ್ನೆಗಳೇ ಹೆಚ್ಚು. ಕೋಲಾರ ಪಟ್ಟಣದ ಪತ್ರಗಳು ಒಂದರ ಮಾತನ್ನು ಇನ್ನೊಂದು ಮುಂದುವರಿಸುವಂತಿದ್ದುದರಿಂದ ಈ ಸಲದ ಅಂಕಣ ಪೂರ್ತಿ ಅವುಗಳಿಗೇ ಮೀಸಲು.

ಪ್ರಶ್ನೆ: ದೊಡ್ಡಪೇಟೆಯ ಬೀದಿಯೊಂದನ್ನು ಅಧ್ಯಯನ ಮಾಡಲು ಹೋಗಿದ್ದೆ. ಎರಡು ಸಲ ಹೋಗಿ ಬಂದರೂ ‘ಜನದಟ್ಟಣೆ ಹೆಚ್ಚು, ರಸ್ತೆ ಕಿರಿದು, ಸ್ವಚ್ಛತೆ ಸಾಲದು’ ಎಂಬ ಮೂರು ವಾಕ್ಯಗಳ ಹೊರತು ಬೇರೇನೂ ಬರೆಯಲಾಗಲಿಲ್ಲ. ಹುಟ್ಟಿ ಬೆಳೆದ ಊರಿನಲ್ಲಿ ಹೊಸದಾಗಿ ಏನನ್ನು ನೋಡುವುದು?
— ಪದವಿ ವಿದ್ಯಾರ್ಥಿನಿ, ಕೋಲಾರ

ಉತ್ತರ: ನಿಮ್ಮ ಮೂರು ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವನ್ನು ಬರೆಯಲು ದೊಡ್ಡಪೇಟೆಗೆ ಹೋಗುವ ಅಗತ್ಯವೂ ಇರಲಿಲ್ಲ. ಮನೆಯಲ್ಲಿ ಕುಳಿತು ರಾಜ್ಯದ ಯಾವ ಹಳೆಯ ಪೇಟೆಯ ಬಗ್ಗೆ ಬೇಕಾದರೂ ಅವನ್ನೇ ಬರೆಯಬಹುದಿತ್ತು. ಅವು ನೋಟಗಳಲ್ಲ, ತೀರ್ಪುಗಳು. ತೀರ್ಪು ಮೊದಲೇ ಬಂದುಬಿಟ್ಟರೆ ಕಣ್ಣು ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಪರಿಚಿತ ಊರಿನಲ್ಲಂತೂ ಇದು ಬಹಳ ಬೇಗ ಆಗುತ್ತದೆ.

ಒಂದು ಪುಸ್ತಕ ತೆಗೆದುಕೊಂಡು ಪ್ರತಿ ಪುಟದ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಕ್ಕೆ ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಮಾತ್ರ. ಬಲಕ್ಕೆ ಅದರಿಂದ ನಿಮಗೆ ಅನ್ನಿಸಿದ್ದು. ‘ರಸ್ತೆ ಕಿರಿದು’ ಎಂಬುದು ಬಲಗಡೆಯ ಮಾತು. ಎಡಗಡೆಯ ಮಾತು ಹೀಗಿರಬಹುದು: ‘ಬೆಳಿಗ್ಗೆ 10.20. ಪಾತ್ರೆ ಅಂಗಡಿಯ ಮುಂದೆ ಚರಂಡಿಯ ಚಪ್ಪಡಿಗಳ ಮೇಲೆ ಕೊಳಗಗಳ ಸಾಲು. ನಡೆದು ಬರುವವರು ಅಲ್ಲಿಗೆ ಬಂದೊಡನೆ ರಸ್ತೆಗೆ ಇಳಿದು, ಮುಂದಿನ ಬಟ್ಟೆ ಅಂಗಡಿಯ ಬಳಿ ಮತ್ತೆ ಚಪ್ಪಡಿ ಹತ್ತುತ್ತಾರೆ. ಮೂಟೆ ಹೊತ್ತವರು ಚಪ್ಪಡಿಯನ್ನು ಹತ್ತುವುದೇ ಇಲ್ಲ.’ ಇಷ್ಟು ಬರೆದ ಮೇಲೆ ಬಲಗಡೆಯ ಮಾತು ತಾನಾಗಿ ಬದಲಾಗುತ್ತದೆ. ಇಲ್ಲಿ ಚರಂಡಿಯ ಮುಚ್ಚಳವೇ ಕಾಲುದಾರಿ, ಅಂಗಡಿಯ ಜಗಲಿಯೂ ಅದೇ ಎಂಬುದು ಹೊಳೆಯುತ್ತದೆ. ‘ಕಿರಿದು’ ಎಂಬ ಪದ ಈ ಸಂಗತಿಯನ್ನು ಪೂರ್ತಿ ಮುಚ್ಚಿಟ್ಟಿತ್ತು.

ಎರಡನೆಯದಾಗಿ, ಬೀದಿಯ ಉದ್ದಕ್ಕೂ ಓಡಾಡುವ ಬದಲು ಒಂದೇ ಕಡೆ ಅರ್ಧ ಗಂಟೆ ಕುಳಿತುಕೊಳ್ಳಿ. ಮೊದಲ ಹತ್ತು ನಿಮಿಷ ಬೇಸರವಾಗುತ್ತದೆ, ಆಮೇಲೆ ಬೀದಿ ಬಿಚ್ಚಿಕೊಳ್ಳುತ್ತದೆ. 1970ರ ದಶಕದಲ್ಲಿ ವಿಲಿಯಂ ಎಚ್. ವೈಟ್ ಎಂಬವರು ನ್ಯೂಯಾರ್ಕ್ ನಗರದ ಕಟ್ಟಡಗಳ ಮುಂದಿನ ಬಯಲುಗಳನ್ನು ಕ್ಯಾಮೆರಾ ಇಟ್ಟುಕೊಂಡು ತಿಂಗಳುಗಟ್ಟಲೆ ಗಮನಿಸಿದರು. ಕೆಲವು ಬಯಲುಗಳಲ್ಲಿ ಜನ ತುಂಬಿರುತ್ತಾರೆ, ಕೆಲವು ಬರಿದಾಗಿರುತ್ತವೆ, ಏಕೆ ಎಂಬುದು ಅವರ ಪ್ರಶ್ನೆ. ಬಯಲಿನ ಆಕಾರ, ವಿಸ್ತೀರ್ಣ ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಅವರಿಗೆ ಸಿಕ್ಕ ಮುಖ್ಯ ಉತ್ತರವೆಂದರೆ, ಕುಳಿತುಕೊಳ್ಳಲು ಜಾಗವಿರುವಲ್ಲಿ ಜನ ಕುಳಿತುಕೊಳ್ಳುತ್ತಾರೆ ಎಂಬುದು. ಅರಳಿಕಟ್ಟೆ ಕಟ್ಟಿಸಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲವೆಂದು ನೀವು ನಗಬಹುದು. ನಗಬೇಡಿ, ಹೊಸ ಬಡಾವಣೆಗಳಲ್ಲಿ ಕಟ್ಟೆ ಎಷ್ಟಿವೆ ಎಂದು ಎಣಿಸಿ ನೋಡಿ.

ಮೂರನೆಯದು ಹೊತ್ತು. ಒಂದೇ ಜಾಗವನ್ನು ಬೆಳಗಿನ ಆರಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ ನೋಡಿದರೆ ನಾಲ್ಕು ಬೀದಿಗಳು ಸಿಗುತ್ತವೆ. ಋತುವೂ ಮುಖ್ಯ. ಟೊಮೆಟೊ ಸುಗ್ಗಿಯಲ್ಲಿ ಎಪಿಎಂಸಿ ಪ್ರಾಂಗಣಕ್ಕೆ 15 ಕೆ.ಜಿ.ಯ ಬಾಕ್ಸುಗಳು ಬಂದಿಳಿಯುವಾಗ, ಅಲ್ಲಿಂದ ದೂರವಿರುವ ರಸ್ತೆಯ ಟೀ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ, ಲಾರಿಗಳು ಎಲ್ಲಿ ಕಾಯುತ್ತವೆ, ಖಾಲಿ ಬಾಕ್ಸುಗಳನ್ನು ಯಾರ ಮನೆಯ ಮುಂದೆ ಪೇರಿಸಿಡುತ್ತಾರೆ ಎಂದು ನೋಡಿ. ಬೀದಿಯ ಕಾರಣಗಳು ಎಷ್ಟೋ ಸಲ ಆ ಬೀದಿಯಲ್ಲಿ ಇರುವುದಿಲ್ಲ.

ಇನ್ನು ನೆರಳು. ಇದನ್ನು ನಮ್ಮ ವಿದ್ಯಾರ್ಥಿಗಳು ಬಹಳ ಕಡೆಗಣಿಸುತ್ತಾರೆ ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೋಲಾರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ನೇರವಾಗಿರುತ್ತಾನೆ. ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಈಗ ಪೂರ್ವ ಪಶ್ಚಿಮವಾಗಿ ಹರಿದ ಬೀದಿಯೊಂದರ ಎರಡೂ ಬದಿಯಲ್ಲಿ 10 ಮೀಟರ್ ಎತ್ತರದ ಕಟ್ಟಡಗಳಿವೆ ಎಂದುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನ ದಕ್ಷಿಣದ ಸಾಲಿನ ನೆರಳು ಏಳು ಮೀಟರಿಗೂ ಹೆಚ್ಚು ಚಾಚಿ ಇಡೀ ಬೀದಿಯನ್ನು ಮುಚ್ಚಬಹುದು. ಜೂನ್ ಕೊನೆಯಲ್ಲಿ ಅದೇ ಹೊತ್ತಿಗೆ ನೆರಳಿರುವುದು ಉತ್ತರದ ಸಾಲಿನ ಮುಂದೆ ಮಾತ್ರ, ಅದೂ ಸುಮಾರು 1.8 ಮೀಟರ್ ಅಗಲದ ಪಟ್ಟಿ. ತಳ್ಳುಗಾಡಿಗಳು ಯಾವ ತಿಂಗಳು ಯಾವ ಮಗ್ಗುಲಿಗೆ ನಿಲ್ಲುತ್ತವೆ ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಜೂನಿನಲ್ಲಿ ಮೋಡವಿಲ್ಲದ ಮಧ್ಯಾಹ್ನಕ್ಕಾಗಿ ಕಾಯಬೇಕಾದೀತು, ಅಷ್ಟೆ.

ಮಳೆ ಬಂದ ದಿನ ಕೊಡೆ ಹಿಡಿದು ಹೊರಡುವುದನ್ನು ಮಾತ್ರ ತಪ್ಪಿಸಬೇಡಿ. ಊರಿನ ಇಳಿಜಾರನ್ನು ನೀರು ಹೇಳುವಷ್ಟು ಚೆನ್ನಾಗಿ ಯಾವ ಉಪಕರಣವೂ ಹೇಳದು.

ಪ್ರಶ್ನೆ: ಬೀದಿಯಲ್ಲಿ ಜನರ ಫೋಟೊ ತೆಗೆದು ಅಧ್ಯಯನಕ್ಕೆ ಬಳಸಬಹುದೇ?
— ಓದುಗರು, ಗೌರಿಪೇಟೆ

ಉತ್ತರ: ಕೇಳಿ ತೆಗೆಯಿರಿ, ಬೇಡವೆಂದರೆ ಬಿಡಿ. ಎಷ್ಟು ಜನ, ಎಲ್ಲಿ, ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾರೆ ಎಂಬುದಷ್ಟೇ ನಿಮಗೆ ಬೇಕಾದರೆ ಚುಕ್ಕೆ ಮತ್ತು ಬಾಣದ ಗುರುತು ಸಾಕು, ಮುಖ ಬೇಕಿಲ್ಲ.

ಪ್ರಶ್ನೆ: ಕ್ಲಾಕ್ ಟವರ್ ಸಮೀಪ ನಮ್ಮದೊಂದು ಚಿಕ್ಕ ಅಂಗಡಿ. ಎದುರಿನ ರಸ್ತೆಯಲ್ಲಿ ಸಂಜೆ ಹೊತ್ತು ವಾಹನಗಳು ಸಿಕ್ಕಿಹಾಕಿಕೊಳ್ಳುತ್ತವೆ. ತಳ್ಳುಗಾಡಿಯವರೇ ಕಾರಣವೆಂದು ಎಲ್ಲರೂ ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಇದು ನಿಜವೋ ಅಲ್ಲವೋ ಎಂದು ತಿಳಿಯುವ ದಾರಿ ಯಾವುದು?
— ವ್ಯಾಪಾರಿ, ಕೋಲಾರ

ಉತ್ತರ: ‘ನನಗೂ ಹಾಗೇ ಅನ್ನಿಸುತ್ತದೆ’ ಎಂದ ಮೇಲೂ ನೀವು ಕೇಳಿದಿರಲ್ಲ, ವಿಶ್ಲೇಷಣೆ ಅಲ್ಲಿಂದಲೇ ಆರಂಭವಾಗುತ್ತದೆ. ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಊಹೆಯನ್ನು ಬರೆಯಿರಿ. ಅದರ ಕೆಳಗೆ, ಏನು ಕಂಡರೆ ಈ ಊಹೆ ತಪ್ಪೆಂದು ನೀವು ಒಪ್ಪುತ್ತೀರಿ ಎಂಬುದನ್ನೂ ಬರೆಯಿರಿ. ಈ ಎರಡನೆಯ ಸಾಲನ್ನು ಬರೆಯದವರು ಎಷ್ಟು ಎಣಿಸಿದರೂ ತಮಗೆ ಬೇಕಾದದ್ದನ್ನೇ ಎಣಿಸುತ್ತಾರೆ.

ಬಳಿಕ ಎಣಿಕೆ. ಇಡೀ ಸಂಜೆ ಎಣಿಸಬೇಕಾಗಿಲ್ಲ; ಪ್ರತಿ ಗಂಟೆಯಲ್ಲಿ ಹತ್ತು ನಿಮಿಷ ಎಣಿಸಿ ಆರರಿಂದ ಗುಣಿಸಿದರೆ ಆ ಗಂಟೆಯ ಅಂದಾಜು ಸಿಗುತ್ತದೆ. ನಡೆಯುವವರು, ದ್ವಿಚಕ್ರ ವಾಹನ, ಆಟೊ, ಕಾರು, ಬಸ್ಸು, ಸರಕಿನ ವಾಹನ ಎಲ್ಲಕ್ಕೂ ಬೇರೆ ಬೇರೆ ಅಂಕಣ ಇರಲಿ. ಪ್ರತಿ ಸಲ ವಾಹನಗಳು ನಿಂತಾಗ, ಸಾಲಿನ ತಲೆಯಲ್ಲಿ ಏನಿತ್ತು ಎಂಬುದನ್ನು ಬರೆದುಕೊಳ್ಳಿ: ಪ್ರಯಾಣಿಕರನ್ನು ಇಳಿಸುತ್ತಿದ್ದ ಆಟೊ, ಅಂಗಡಿಗೆ ಸರಕು ಇಳಿಸುತ್ತಿದ್ದ ಟೆಂಪೊ, ತಳ್ಳುಗಾಡಿಯ ಮುಂದೆ ಬೈಕಿನಿಂದ ಇಳಿಯದೆಯೇ ಹಣ್ಣು ಕೊಳ್ಳುತ್ತಿದ್ದ ಗಿರಾಕಿ. ಈ ಮೂರನೆಯವರು ಯಾರ ಲೆಕ್ಕಕ್ಕೆ ಸೇರಬೇಕು ಎಂಬುದೂ ಯೋಚಿಸತಕ್ಕ ವಿಷಯವೇ. ಟೇಪು ಹಿಡಿದು ನಡೆಯುವ ಜಾಗವನ್ನೂ ಅಳೆಯಿರಿ. ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕೆಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಕಂಬ, ಟ್ರಾನ್ಸ್‌ಫಾರ್ಮರ್, ಅಂಗಡಿಯ ಮೆಟ್ಟಿಲು, ನಿಲ್ಲಿಸಿದ ಬೈಕು ಇವೆಲ್ಲ ಕಳೆದು ಉಳಿದದ್ದೆಷ್ಟೋ ಅದೇ ಅಗಲ. ನಿಮ್ಮ ಅಂಗಡಿಯ ಮುಂದಿನದನ್ನೂ ಅಳೆಯಬೇಕೆಂದು ಬೇರೆಯಾಗಿ ಹೇಳಬೇಕಿಲ್ಲವಷ್ಟೆ.

ಎಲ್ಲಕ್ಕಿಂತ ಹೆಚ್ಚಾಗಿ ಅಪವಾದಗಳನ್ನು ಹುಡುಕಿ. ತಳ್ಳುಗಾಡಿಗಳು ಬಾರದ ಸಂಜೆಯಲ್ಲೂ ವಾಹನಗಳು ಸಿಕ್ಕಿಕೊಂಡವೇ? ಗಾಡಿಗಳು ಇದ್ದೂ ರಸ್ತೆ ಸರಾಗವಾಗಿದ್ದ ಹೊತ್ತು ಯಾವುದು? 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಬಂದಾಗ, ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಬಹುತೇಕ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಸಾವುಗಳನ್ನು ಬೀದಿಯ ನಕ್ಷೆಯ ಮೇಲೆ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ಒತ್ತಾಗಿರುವುದನ್ನು ತೋರಿಸಿದರು. ಈ ಕಥೆ ಹಲವರಿಗೆ ಗೊತ್ತು. ಆದರೆ ಅವರ ವಾದಕ್ಕೆ ಬಲ ತಂದದ್ದು ಆ ಒತ್ತು ಮಾತ್ರವಲ್ಲ, ಅದರ ನಡುವಿನ ಖಾಲಿ ಜಾಗಗಳೂ ಹೌದು. ಹತ್ತಿರದಲ್ಲೇ 535 ಮಂದಿ ಇದ್ದ ಬಡವರ ವಸತಿಗೃಹದಲ್ಲಿ ಸತ್ತವರು 5 ಜನ ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕೆಯ ಕೆಲಸಗಾರರು ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ, ಅವರಲ್ಲಿ ಯಾರೂ ಸಾಯಲಿಲ್ಲ. ಇತ್ತ, ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸವಾಗಿದ್ದ ವಿಧವೆಯೊಬ್ಬರು ಕಾಲರಾದಿಂದ ತೀರಿಕೊಂಡರು. ರುಚಿ ಹಿಡಿಸಿದ್ದರಿಂದ ಅವರು ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸಿಕೊಳ್ಳುತ್ತಿದ್ದರು. ಹತ್ತಿರವಿದ್ದೂ ಉಳಿದವರು, ದೂರವಿದ್ದೂ ಸತ್ತವರು ಸೇರಿ ಗಾಳಿಯ ವಾದವನ್ನು ಕೆಡವಿದರು. ನಿಮ್ಮ ರಸ್ತೆಯಲ್ಲೂ ಇಂಥವರು ಎಲ್ಲಿದ್ದಾರೆ ಎಂದು ನೋಡಿ. ಎರಡು ವಾರದ ಎಣಿಕೆಯ ಬಳಿಕವೂ ತಳ್ಳುಗಾಡಿಗಳೇ ಕಾರಣವೆಂದು ಕಂಡರೆ ಹಾಗೆಂದೇ ಬರೆದು ಕಳುಹಿಸಿ, ಪ್ರಕಟಿಸುತ್ತೇವೆ.

ಪ್ರಶ್ನೆ: ಸ್ವಾಮಿ, ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಸವೆದವನು. ಈಗ ಮೊಮ್ಮಕ್ಕಳು ಮೊಬೈಲಿನಲ್ಲಿ ಇಡೀ ಕೋಲಾರವನ್ನು ಮೇಲಿನಿಂದ ತೋರಿಸುತ್ತಾರೆ. ಹೀಗಿರುವಾಗ ಕೈಯಲ್ಲಿ ನಕ್ಷೆ ಬರೆಯಿರಿ ಎಂದು ನೀವು ಹೇಳುವುದರಲ್ಲಿ ಅರ್ಥವಿದೆಯೇ?
— ನಿವೃತ್ತ ಸರ್ವೆಯರ್, ಕುರುಬರಪೇಟೆ

ಉತ್ತರ: ನಿಮ್ಮಂಥವರ ಪತ್ರಕ್ಕಾಗಿಯೇ ಕಾಯುತ್ತಿದ್ದೆ. 33 ಅಡಿಯ ಸರಪಳಿ, ಅದರ 16 ಭಾಗಗಳಾದ ಆಣೆ, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ನಿಮ್ಮ ನಾಲಿಗೆಯ ತುದಿಯಲ್ಲಿರುತ್ತದೆ. ನೀವು ದಿನವೂ ಬಳಸಿದ ಗ್ರಾಮನಕ್ಷೆ 1:7920 ಪ್ರಮಾಣದ್ದು, ಎಂದರೆ ಒಂದು ಅಂಗುಲಕ್ಕೆ 660 ಅಡಿ, 20 ಸರಪಳಿ. ಆ ನಕ್ಷೆ ಯಾರ ನೆಲ, ಎಷ್ಟು ನೆಲ ಎಂಬ ಪ್ರಶ್ನೆಗೆ ಬರೆದ ಉತ್ತರ. ಅದಕ್ಕೇ ಅದರಲ್ಲಿ ಬಾಂದು ಕಲ್ಲು ಇದೆ, ಬೇವಿನ ಮರದ ನೆರಳಿಲ್ಲ. ಮೊಬೈಲಿನ ನಕ್ಷೆಗೆ ಬೇರೆ ಪ್ರಶ್ನೆ: ವಾಹನದಲ್ಲಿ ಹೋಗುವವನು ಎಷ್ಟು ಬೇಗ ತಲುಪುತ್ತಾನೆ ಎಂಬುದು. ಅದರಲ್ಲಿ ಹೋಟೆಲುಗಳಿವೆ, ಚರಂಡಿಯ ಮುರಿದ ಚಪ್ಪಡಿಯಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಅಂತರಗಂಗೆಯ ಬಂಡೆಗಳನ್ನು ಹತ್ತಿದವರಿಗೆ ಗೊತ್ತು. ಆಕಾಶದಿಂದ ಕಾಣುವ ಊರಿಗೂ ಅದು ಸಲ್ಲುತ್ತದೆ. ಕೈನಕ್ಷೆಯ ಪ್ರಯೋಜನವೆಂದರೆ ಪ್ರಶ್ನೆಯನ್ನು ನಾವೇ ಆರಿಸಿಕೊಳ್ಳಬಹುದು, ಅದಕ್ಕೆ ಸಲ್ಲದ್ದನ್ನು ಬಿಟ್ಟುಬಿಡಬಹುದು.

ಏನನ್ನು ಬಿಡಬೇಕೆಂಬುದಕ್ಕೆ ಒಂದು ಸೊಗಸಾದ ಉದಾಹರಣೆಯಿದೆ. 1748ರಲ್ಲಿ ಜಾಂಬತ್ತಿಸ್ತಾ ನೊಲ್ಲಿ ಎಂಬಾತ ರೋಮ್ ನಗರದ ನಕ್ಷೆಯನ್ನು 12 ಹಾಳೆಗಳಲ್ಲಿ ಪ್ರಕಟಿಸಿದ. ಅದರಲ್ಲಿ ಮನೆಗಳೆಲ್ಲ ಕಪ್ಪು ಛಾಯೆ, ಬೀದಿ ಮತ್ತು ಚೌಕಗಳು ಬಿಳಿ. ವಿಶೇಷವೇನೆಂದರೆ ಚರ್ಚುಗಳ ಒಳಭಾಗವನ್ನೂ ಆತ ಬಿಳಿಯಾಗಿಯೇ ಬಿಟ್ಟ, ಏಕೆಂದರೆ ಅಲ್ಲಿಗೆ ಯಾರಾದರೂ ಹೋಗಬಹುದಿತ್ತು. ಅದೇ ಕಟ್ಟಳೆಯಲ್ಲಿ ಕೋಲಾರವನ್ನು ಬರೆದರೆ ಸೋಮೇಶ್ವರ ದೇವಾಲಯದ ಪ್ರಾಕಾರ, ಕೋಲಾರಮ್ಮನ ಗುಡಿಯ ಅಂಗಳ, ಬಸ್ ನಿಲ್ದಾಣದ ಒಳಗು ಬಿಳಿಯಾಗುತ್ತವೆ. ಗೇಟು ಹಾಕಿದ ಉದ್ಯಾನ ಯಾವ ಹೊತ್ತಿಗೆ ಬಿಳಿ, ಯಾವ ಹೊತ್ತಿಗೆ ಕಪ್ಪು ಎಂದು ಯೋಚಿಸಬೇಕಾಗುತ್ತದೆ. ಮೊಬೈಲು ಈ ಯೋಚನೆಯನ್ನು ಹುಟ್ಟಿಸುವುದಿಲ್ಲ.

ಪ್ರಮಾಣದ ವಿಷಯ ನಿಮಗಲ್ಲ, ಉಳಿದ ಓದುಗರಿಗಾಗಿ ಹೇಳುತ್ತೇನೆ. ಒಂದು ಬೀದಿಗೆ 1:200 ಅನುಕೂಲ. ನೂರು ಮೀಟರ್ ಉದ್ದದ ಬೀದಿ 50 ಸೆಂಟಿಮೀಟರ್ ಆಗುತ್ತದೆ, 30x40 ಅಡಿಯ ಸೈಟು ಹೆಚ್ಚುಕಡಿಮೆ 4.6x6.1 ಸೆಂಟಿಮೀಟರಿನ ಚೌಕಟ್ಟಾಗುತ್ತದೆ. ಹೆಜ್ಜೆಯಿಂದ ಅಳೆಯುವವರು ತಮ್ಮ ಹೆಜ್ಜೆಯ ಉದ್ದವನ್ನು ಮೊದಲು ಟೇಪಿನೊಡನೆ ಹೋಲಿಸಿಕೊಳ್ಳಬೇಕು. ನಾನೊಮ್ಮೆ ನನ್ನ ಹೆಜ್ಜೆ ಎರಡೂವರೆ ಅಡಿಯೆಂದು ನಂಬಿ ಪೇಟೆಬೀದಿಯೊಂದನ್ನು ಬರೆದೆ. ಅಂಗಡಿಗಳು ಹಾಳೆಯಿಂದಾಚೆಗೆ ಹೋದವು. ಜನಸಂದಣಿಯಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ ಎಂಬುದು ಆಮೇಲೆ ಹೊಳೆಯಿತು.

ಬರಿಯ ನಕ್ಷೆ ಸಾಲದು, ಸೀಳುನೋಟವನ್ನೂ ಬರೆಯಬೇಕು. ಹಲಸಿನ ಹಣ್ಣನ್ನು ಅಡ್ಡಕ್ಕೆ ಕೊಯ್ದ ಹಾಗೆ ಬೀದಿಯನ್ನು ಒಂದು ಕಡೆಯ ಗೋಡೆಯಿಂದ ಎದುರಿನ ಗೋಡೆಯವರೆಗೆ ಕೊಯ್ದು ತೋರಿಸುವ ಚಿತ್ರವದು. ಮನೆಯೊಳಗಿನ ನೆಲ, ಜಗಲಿ, ಮೆಟ್ಟಿಲು, ಚರಂಡಿಯ ಆಳ, ರಸ್ತೆಯ ಉಬ್ಬು, ಮೇಲೆ ಹಾದ ತಂತಿ, ಮಹಡಿಯ ಚಾಚು ಎಲ್ಲವೂ ಎತ್ತರದ ಅಳತೆಯೊಡನೆ ಅಲ್ಲಿ ಬರುತ್ತವೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮನೆಯ ಹೊಸ್ತಿಲಿಗಿಂತ ಎತ್ತರವಾಗಿದ್ದರೆ, ಮಳೆನೀರು ಯಾರ ಮನೆಗೆ ನುಗ್ಗುತ್ತದೆ ಎಂಬುದನ್ನು ಮೇಲಿನಿಂದ ತೆಗೆದ ಯಾವ ಚಿತ್ರವೂ ಹೇಳುವುದಿಲ್ಲ, ಸೀಳುನೋಟ ಹೇಳುತ್ತದೆ.

ತಮ್ಮಲ್ಲಿ ಒಂದು ಕೋರಿಕೆ. ಹಳೆಯ ಗ್ರಾಮನಕ್ಷೆಯಲ್ಲಿ ಹಳ್ಳ, ಕಾಲುವೆ, ಬಂಡಿದಾರಿಗಳನ್ನು ತೋರಿಸುವ ಗೆರೆಗಳನ್ನು ಓದಬಲ್ಲವರು ಈಗ ಕಡಿಮೆ. ನಿಮ್ಮ ಬಡಾವಣೆಯ ಸರ್ವೆ ನಂಬರುಗಳ ನಕ್ಷೆಯ ಮೇಲೆ ತೆಳು ಹಾಳೆಯಿಟ್ಟು ಇಂದಿನ ರಸ್ತೆಗಳನ್ನು ಬರೆದು, ಹಿಂದಿನ ಕಾಲುವೆ ಈಗ ಯಾರ ಅಡುಗೆಮನೆಯ ಕೆಳಗೆ ಹಾದಿದೆ ಎಂದು ಮೊಮ್ಮಕ್ಕಳಿಗೆ ತೋರಿಸಿ.

ಪ್ರಶ್ನೆ: ನನಗೆ 78 ವರ್ಷ. ಹಿಂದೆ ನಮ್ಮ ಕಡೆ ಬಾವಿ ಎಲ್ಲಿತ್ತು, ನೀರು ಎಲ್ಲಿಂದ ಹರಿದು ಬರುತ್ತಿತ್ತು ಎಂಬುದೆಲ್ಲ ನೆನಪಿದೆ. ಬರೀ ನೆನಪನ್ನು ಅಧ್ಯಯನವೆಂದು ಕರೆಯಬಹುದೇ?
— ಗೃಹಿಣಿ, ಕಾರಂಜಿಕಟ್ಟೆ

ಉತ್ತರ: ಅಮ್ಮಾ, ಖಂಡಿತ ಕರೆಯಬಹುದು, ನೆನಪನ್ನು ಜಾಗಕ್ಕೆ ಕಟ್ಟಿಹಾಕಿದರೆ. ‘ಆಗ ನೀರಿತ್ತು’ ಎಂಬುದು ಹಾಡಾಗುತ್ತದೆ. ‘ನನ್ನ ಮದುವೆಯಾದ ವರ್ಷ, ಈಗಿನ ಗಿರಣಿಯ ಹಿಂದಿನ ಬಾವಿಯಲ್ಲಿ ಎಂಟು ಮಾರು ಹಗ್ಗಕ್ಕೆ ನೀರು ಸಿಗುತ್ತಿತ್ತು’ ಎಂದು ಹೇಳಿದರೆ ಅದು ದಾಖಲೆ. ಅದೇ ವಯಸ್ಸಿನ ಇನ್ನೊಬ್ಬರನ್ನು ಬೇರೆಯಾಗಿ ಕೇಳಿಸಿ, ಎರಡೂ ಹೇಳಿಕೆ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಬರೆಸಿ. ನಿಮ್ಮ ಬಡಾವಣೆಯ ಹೆಸರಿನಲ್ಲೇ ಕಾರಂಜಿಯೂ ಇದೆ, ಕಟ್ಟೆಯೂ ಇದೆ. ಕೋಟೆ, ಪೇಟೆ, ಪಾಳ್ಯ, ಕಟ್ಟೆ ಎಂಬ ಹೆಸರುಗಳು ಒಂದೊಂದೂ ಹುಡುಕಿ ನೋಡಬೇಕಾದ ಸುಳಿವು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿರುವಾಗ, ಹಳೆಯ ಕೋಡಿ, ತೂಬು, ಕಾಲುವೆಗಳು ಎಲ್ಲೆಲ್ಲಿದ್ದವು ಎಂದು ಬಲ್ಲವರ ಮಾತಿಗೆ ಬೆಲೆ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಮನೆಯ ಮಕ್ಕಳ ಕೈಗೂ ಹಾಳೆ ಕೊಟ್ಟು, ಯಾವ ನಕ್ಷೆಯನ್ನೂ ನೋಡದೆ ಊರನ್ನು ನೆನಪಿನಿಂದ ಬರೆಯಲು ಹೇಳಿ. ಕೆವಿನ್ ಲಿಂಚ್ ಎಂಬ ನಗರ ಯೋಜಕರು ಅಮೆರಿಕದ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ನಿವಾಸಿಗಳಿಂದ ಹೀಗೆ ಬರೆಸಿ, ಜನ ಊರನ್ನು ದಾರಿ, ಅಂಚು, ವಲಯ, ಕೂಡುತಾಣ, ಗುರುತು ಎಂಬ ಐದು ಬಗೆಯಲ್ಲಿ ನೆನಪಿಟ್ಟುಕೊಳ್ಳುತ್ತಾರೆಂದು 1960ರಲ್ಲಿ ತೋರಿಸಿದರು. ಕ್ಲಾಕ್ ಟವರನ್ನು ಬಿಟ್ಟು ನಕ್ಷೆ ಬರೆದ ಕೋಲಾರದವರು ನನಗಂತೂ ಸಿಕ್ಕಿಲ್ಲ. ನಿಮ್ಮ ಹಾಳೆಯಲ್ಲಿದ್ದು ಮೊಮ್ಮಗಳ ಹಾಳೆಯಲ್ಲಿ ಇಲ್ಲದಿರುವುದು ಯಾವುದು ಎಂದು ತಿಳಿಯುವ ಕುತೂಹಲ ನನಗಿದೆ.

ಪ್ರಶ್ನೆ: ಊರಿನ ಯೋಜನೆ ಮಾಡಲು ಪರಿಣತರಿದ್ದಾರೆ. ಸಾಮಾನ್ಯರು ಬರೆದ ಇಂಥ ಹಾಳೆಗಳಿಂದ ಆಗುವುದೇನು?
— ಓದುಗರು, ಟೇಕಲ್ ರಸ್ತೆ

ಉತ್ತರ: ಪರಿಣತರಲ್ಲೇ ಒಬ್ಬರ ಕಥೆ ಹೇಳುತ್ತೇನೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ನಗರಗಳ ಬಗೆಗಿನ ತಮ್ಮ ಪ್ರದರ್ಶನವನ್ನು 1914ರಲ್ಲಿ ಮದರಾಸಿಗೆ ಹಡಗಿನಲ್ಲಿ ಕಳುಹಿಸಿದರು. ಜರ್ಮನಿಯ ಎಮ್‌ಡೆನ್ ಯುದ್ಧನೌಕೆ ಆ ಹಡಗನ್ನು ಮುಳುಗಿಸಿತು, ವರ್ಷಗಳ ಕಾಲ ಕೂಡಿಸಿದ ನಕ್ಷೆ ಚಿತ್ರಗಳೆಲ್ಲ ಸಮುದ್ರದ ಪಾಲಾದವು. ಗೆಳೆಯರು ಹೊಸದಾಗಿ ಕೂಡಿಸಿಕೊಟ್ಟ ಸಂಗ್ರಹದಿಂದ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಯಿತು. ಮುಂದಿನ ವರ್ಷಗಳಲ್ಲಿ ಅವರು ಭಾರತದ ಹಲವು ಊರುಗಳ ಓಣಿಗಳಲ್ಲಿ ನಡೆದು ವರದಿ ಬರೆದರು. ಚಿಕಿತ್ಸೆಗೆ ಮೊದಲು ರೋಗ ಪರೀಕ್ಷೆ ಎಂಬುದು ಅವರ ಕ್ರಮ. ಹಳೆಯ ಪೇಟೆಯ ನಡುವೆ ನೇರ ರಸ್ತೆ ಹೊಡೆದು ನೂರಾರು ಮನೆ ಉರುಳಿಸುವ ಯೋಜನೆಗಳನ್ನು ಅವರು ವಿರೋಧಿಸಿದರು. ಓಣಿಯನ್ನು ಮನೆಮನೆಯಾಗಿ ನೋಡಿ, ಬಿದ್ದುಹೋಗುವಂತಿರುವ ಕೆಲವೇ ಗೋಡೆಗಳನ್ನು ತೆಗೆದರೆ ಗಾಳಿ ಬೆಳಕು ಎರಡೂ ಬರುತ್ತವೆ, ಖರ್ಚೂ ಕಡಿಮೆ ಎಂದು ತೋರಿಸಿದರು. ಯಾವ ಗೋಡೆ ಎಂಬುದು ಮನೆಮನೆಯ ನಕ್ಷೆಯಿಲ್ಲದೆ ತಿಳಿಯುವಂಥದಲ್ಲ. ನಿಮ್ಮ ಓಣಿಯ ಅಂಥ ನಕ್ಷೆಯನ್ನು ನಿಮಗಿಂತ ಚೆನ್ನಾಗಿ ಬರೆಯಬಲ್ಲ ಪರಿಣತರು ಇದ್ದರೆ ನನಗೂ ಸಂತೋಷವೇ.

ಪ್ರಶ್ನೆ: ಹಾಳೆಯನ್ನು ಯಾವ ರೂಪದಲ್ಲಿ ಕಳುಹಿಸಬೇಕು? ಕಂಪ್ಯೂಟರಿನಲ್ಲಿ ಮಾಡಿದರೆ ಆಗುತ್ತದೆಯೇ?
— ಹಲವರು

ಉತ್ತರ: ಆಗುತ್ತದೆ, ನಕ್ಷೆ ಬರೆಯಲು ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶವೂ ಇದೆ. ಮೊದಲ ಸಲದವರಿಗೆ ಪೆನ್ಸಿಲ್, ಗ್ರಾಫ್ ಹಾಳೆ, ಪರೀಕ್ಷೆಯ ರಟ್ಟು ಸಾಕು. ಉತ್ತರ ದಿಕ್ಕಿನ ಬಾಣ, ಪ್ರಮಾಣ, ನೋಡಿದ ದಿನಾಂಕ ಮತ್ತು ಹೊತ್ತು, ಜೊತೆಗೆ ಯಾವ ಪ್ರಶ್ನೆಗಾಗಿ ಈ ನಕ್ಷೆ ಎಂಬ ಒಂದು ಸಾಲು ತಪ್ಪದೆ ಇರಲಿ. ಮನೆಯವರ ಹೆಸರುಗಳನ್ನು ಬರೆಯಬೇಡಿ. ಗೆರೆಯ ಎಡಬಲಕ್ಕೆ ಬರೆದ ನೋಟಪುಸ್ತಕದ ಪುಟಗಳ ಪ್ರತಿಯನ್ನೂ ಲಗತ್ತಿಸಿ, ಮತ್ತು ತಪ್ಪಾಗಿ ಎಳೆದ ಗೆರೆಗಳನ್ನು ಅಳಿಸದೆ ಪಕ್ಕದಲ್ಲಿ ಸರಿಯಾದದ್ದನ್ನು ಎಳೆಯಿರಿ. ಎಲ್ಲಿ ಅಳತೆ ತಪ್ಪಿತೆಂದು ನಮಗೂ ಕಾಣಲಿ.